ಒಂದೇ ಜಲಾಶಯವನ್ನು ನೆಚ್ಚಿದ ನಗರಕ್ಕೆ ಹವಾಮಾನ ಮಾದರಿಯ ಮಳೆ ಅಂಕಿಅಂಶ ಎಷ್ಟು ನಂಬಬಹುದು?

2050ರ ಹೊತ್ತಿಗೆ ವಾರ್ಷಿಕ ಮಳೆ ಶೇ 8ರಷ್ಟು ಹೆಚ್ಚುತ್ತದೆಂದು ಒಂದು ಸಿಎಂಐಪಿ6 (ಜಗತ್ತಿನ ಹವಾಮಾನ ಮಾದರಿಗಳನ್ನು ಹೋಲಿಸುವ ಯೋಜನೆಯ ಆರನೇ ಹಂತ) ಮಾದರಿ ತೋರಿಸುತ್ತಿದೆ, ಜಲಾಶಯದ ವಿಸ್ತರಣೆಯನ್ನು ಮುಂದೂಡಬಹುದೇ ಎಂದು ಕೇಳಿದ್ದೀರಿ. ಇಷ್ಟನ್ನೇ ನಂಬಿ ಮುಂದೂಡಬೇಡಿ. ಜಲಾಶಯ ಬರಿದಾಗುವುದು ಎರಡು ಮೂರು ವರ್ಷ ಬೆನ್ನುಬೆನ್ನಿಗೆ ಮಳೆ ಕೈಕೊಟ್ಟಾಗ. ವಾರ್ಷಿಕ ಸರಾಸರಿ ಅದನ್ನು ಹೇಳುವುದಿಲ್ಲ.

ಆದ್ದರಿಂದ ನಾನು ಮೊದಲು ನೋಡುವುದು ಮಾದರಿಯ ಹಿಂದಿನ ಕಾಲವನ್ನು. ಸಿಎಂಐಪಿ6ರ ಐತಿಹಾಸಿಕ ರನ್ (ಕಳೆದ ಕಾಲಕ್ಕೆ ಮಾದರಿಯನ್ನು ಓಡಿಸಿದ ಲೆಕ್ಕ) 1850ರಿಂದ 2014ರವರೆಗೆ ಇರುತ್ತದೆ. ನಿಮ್ಮ ಜಲಾನಯನದ ಮಳೆಮಾಪಕಗಳ ದಾಖಲೆ ಎಷ್ಟು ಹಿಂದಕ್ಕೆ ಹೋಗುತ್ತದೋ ಅಷ್ಟೂ ವರ್ಷಗಳನ್ನು ಅದರ ಪಕ್ಕದಲ್ಲಿಡಿ. ತಿಂಗಳುವಾರು ಹಂಚಿಕೆ, 1 ಮಿಮೀ ದಾಟಿದ ದಿನಗಳ ಸಂಖ್ಯೆ, ಸತತ 24 ಮತ್ತು 36 ತಿಂಗಳ ಅತಿ ಕಡಿಮೆ ಮೊತ್ತ, ಇವು ಹೊಂದುತ್ತವೆಯೇ ನೋಡಿ. ಇಸವಿಗೆ ಇಸವಿ ತಾಳೆಯಾಗುವುದಿಲ್ಲ, ಆಗಬೇಕಾಗಿಯೂ ಇಲ್ಲ; ಹೊಂದಬೇಕಾದದ್ದು ಮಳೆಯ ಒಟ್ಟು ಸ್ವಭಾವ. ಮಳೆಯ ಏಕಮಾನ ಚದರ ಮೀಟರಿಗೆ ಸೆಕೆಂಡಿಗೆ ಇಷ್ಟು ಕೆಜಿ ಎಂದಿರುತ್ತದೆ. 86,400ರಿಂದ ಗುಣಿಸಿದರೆ ದಿನಕ್ಕೆ ಮಿಮೀ. ಕೆಲವು ಮಾದರಿಗಳ ವರ್ಷಕ್ಕೆ 360 ದಿನ, ಹಲವದರಲ್ಲಿ ಫೆಬ್ರವರಿ 29 ಇಲ್ಲ. ಇದನ್ನು ಗಮನಿಸದೆ ದಿನಾಂಕ ಜೋಡಿಸಿದರೆ ಲೆಕ್ಕ ಸದ್ದಿಲ್ಲದೆ ಜಾರುತ್ತದೆ.

ಮಾದರಿಗಳಲ್ಲಿ ತುಂತುರು ದಿನಗಳು ಹೆಚ್ಚು, ಜಡಿಮಳೆ ಕಡಿಮೆ. ಅದಕ್ಕೇ ಬಯಾಸ್ ಕರೆಕ್ಷನ್, ಅಂದರೆ ದಾಖಲೆಗೆ ಹೋಲಿಸಿ ಮಾದರಿಯ ಈ ವಾಲಿಕೆಯನ್ನು ತಿದ್ದುವುದು. ಆದರೆ ಸಾದಾ ಕ್ವಾಂಟೈಲ್ ಮ್ಯಾಪಿಂಗ್ (ಮಾದರಿಯ ಮಳೆಯ ಹಂಚಿಕೆಯನ್ನು ದಾಖಲೆಯ ಹಂಚಿಕೆಗೆ ಹೊಂದಿಸುವ ವಿಧಾನ), ಮಾದರಿ ತೋರಿಸಿದ ಬದಲಾವಣೆಯ ಪ್ರಮಾಣವನ್ನೇ ತಿರುಚಬಲ್ಲದು; ಆ ಬದಲಾವಣೆಯನ್ನು ಉಳಿಸಿಕೊಳ್ಳುವ ಕ್ವಾಂಟೈಲ್ ಡೆಲ್ಟಾ ಮ್ಯಾಪಿಂಗ್ ಲೇಸು. ಯಾವುದೇ ಆದರೂ ದಿನದ ಮಳೆಯನ್ನು ಸರಿಪಡಿಸುತ್ತದೆಯೇ ಹೊರತು ಬರದ ವರ್ಷಗಳು ಸಾಲಾಗಿ ಬರುವ ಬಗೆಯನ್ನಲ್ಲ. ತಿದ್ದುಪಡಿಯ ನಂತರ ಆ 36 ತಿಂಗಳ ಮೊತ್ತವನ್ನು ಮತ್ತೆ ನೋಡಿ. ಬಹಳ ಜನ ಎಡವುವುದು ಇಲ್ಲೇ.

ನಿಮ್ಮ ಶೇ 8ಕ್ಕೆ ಬರೋಣ. ಅದೇ ಮಾದರಿಯ ಬೇರೆ ರನ್‌ಗಳನ್ನೂ ಇಳಿಸಿಕೊಳ್ಳಿ. ಆರಂಭದ ಸ್ಥಿತಿ ಚೂರು ಬೇರೆಯಾದರೂ 30 ವರ್ಷದ ಸರಾಸರಿ ಮಳೆ ಬದಲಾಗುತ್ತದೆ; ಕೆಲವೊಮ್ಮೆ ಏರಿಕೆಯ ಬದಲು ಇಳಿಕೆಯೇ ಕಾಣುತ್ತದೆ. ಹಲವು ಮಾದರಿಗಳ ಮಳೆ ಸರಣಿಗಳನ್ನು ಕೂಡಿಸಿ ಸರಾಸರಿ ಮಾತ್ರ ತೆಗೆಯಬೇಡಿ, ಬರಗಾಲವೇ ಅಳಿಸಿಹೋಗುತ್ತದೆ. ಇನ್ನು, ಇಂಗಾಲದ ಡೈಆಕ್ಸೈಡ್ ಇಮ್ಮಡಿಯಾದರೆ ಭೂಮಿ 2.5ರಿಂದ 4 ಡಿಗ್ರಿ ಬಿಸಿಯಾಗುವ ಸಂಭವವಿದೆ ಎಂದು ವಿಶ್ವಸಂಸ್ಥೆಯ ಹವಾಮಾನ ಸಮಿತಿಯಾದ ಐಪಿಸಿಸಿಯ ಆರನೇ ವರದಿ ಹೇಳುತ್ತದೆ. ಸಿಎಂಐಪಿ6ರ ಕೆಲವು ಮಾದರಿಗಳು 5 ದಾಟುತ್ತವೆ. ಅವನ್ನೂ ಉಳಿದವುಗಳಷ್ಟೇ ತೂಕ ಕೊಟ್ಟು ಸೇರಿಸಬೇಡಿ.

ನನ್ನ ಕೇಳಿದರೆ ಲೆಕ್ಕವನ್ನು ಜಲಾಶಯದ ಕಡೆಯಿಂದ ಶುರುಮಾಡಿ. ದಾಖಲೆಯ ಮಳೆಯನ್ನು ಶೇ 30 ಇಳಿಕೆಯಿಂದ ಶೇ 20 ಏರಿಕೆಯವರೆಗೆ ಶೇ 10ರ ಹೆಜ್ಜೆಯಲ್ಲಿ, ತಾಪಮಾನವನ್ನು 0ಯಿಂದ 5 ಡಿಗ್ರಿವರೆಗೆ ಒಂದೊಂದೇ ಡಿಗ್ರಿ ಏರಿಸಿ: ಒಟ್ಟು 36 ಸ್ಥಿತಿಗಳು. ದಾಖಲೆಯ ಬರದ ವರ್ಷಗಳನ್ನು ಒಂದರ ಹಿಂದೊಂದು ಜೋಡಿಸಿದ ಸರಣಿಯನ್ನೂ ಓಡಿಸಿ. ಎಲ್ಲಿ ಪೂರೈಕೆ ಮುರಿಯುತ್ತದೆ ಎಂದು ಗೊತ್ತಾದ ಮೇಲೆ, ಎಷ್ಟು ಮಾದರಿಗಳು ಆ ಜಾಗಕ್ಕೆ ಹೋಗುತ್ತವೆ ನೋಡಿ.

ಒಳಹರಿವಿನ ಮಾದರಿಯನ್ನು (ಮಳೆಯಿಂದ ಜಲಾಶಯಕ್ಕೆ ಎಷ್ಟು ನೀರು ಬರುತ್ತದೆಂದು ಲೆಕ್ಕಹಾಕುವುದು) ಮಳೆ ಚೆನ್ನಾಗಿದ್ದ ವರ್ಷಗಳಲ್ಲಿ ಹೊಂದಿಸಿ, ಒಣ ವರ್ಷಗಳಲ್ಲಿ ಪರೀಕ್ಷಿಸಿ. ಅಲ್ಲಿ ಅದು ಇರುವುದಕ್ಕಿಂತ ಹೆಚ್ಚು ನೀರು ತೋರಿಸಿದರೆ ಮುಂದಿನದು ಯಾವುದಕ್ಕೂ ಅರ್ಥವಿಲ್ಲ. ಆವಿಯ ಲೆಕ್ಕಕ್ಕೆ ತಾಪಮಾನವೊಂದನ್ನೇ ಬಳಸುವ ಸೂತ್ರಗಳು ಬಿಸಿ ಏರಿದಂತೆ ನಷ್ಟವನ್ನು ಉಬ್ಬಿಸುತ್ತವೆ. ವಿಕಿರಣ, ಆರ್ದ್ರತೆ, ಗಾಳಿಯ ಅಂಕಿಗಳಿದ್ದರೆ ಅವನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಳ್ಳುವ ಪೆನ್‌ಮನ್-ಮಾಂಟೀತ್ ಸೂತ್ರವನ್ನೇ ಬಳಸಿ.