ಪಾಪ್‌ಅಪ್ ಕ್ಯಾಂಪರ್‌ಗೆ ಆವ್ನಿಂಗ್: ಕೊಳ್ಳುವ ಮೊದಲು ಛಾವಣಿಯ ಅಂಚನ್ನು ಪರೀಕ್ಷಿಸಿ

ಪ್ರಶ್ನೆ: ನಾವು ಅಮೆರಿಕದ ಕೊಲರಾಡೊ ರಾಜ್ಯದ ಡೆನ್ವರ್ ಬಳಿ ವಾಸವಾಗಿದ್ದೇವೆ. ಇತ್ತೀಚೆಗೆ 10 ಅಡಿ ಪೆಟ್ಟಿಗೆಯ ಹಳೆಯ ಪಾಪ್‌ಅಪ್ ಕ್ಯಾಂಪರ್ (ಪೆಟ್ಟಿಗೆಯಂತೆ ಮಡಚಿ ವಾಹನದ ಹಿಂದೆ ಎಳೆದೊಯ್ದು, ಛಾವಣಿ ಏರಿಸಿ ಬಿಚ್ಚುವ ಕ್ಯಾನ್ವಾಸ್ ಗೋಡೆಯ ಗಾಡಿ) ಕೊಂಡೆವು. ಬಾಗಿಲಿನ ಬದಿಯಲ್ಲಿ ಛಾವಣಿಯ ಅಂಚಿಗೆ ಅಲ್ಯೂಮಿನಿಯಂ ರೈಲು, ಅಂದರೆ ಆವ್ನಿಂಗ್‌ನ ಅಂಚನ್ನು ತೂರಿಸುವ ಸೀಳಿರುವ ಪಟ್ಟಿ, ಇದೆ. ಅದರಲ್ಲಿದ್ದ ಆವ್ನಿಂಗ್ (ಹೊರಗೆ ಚಾಚಿ ನೆರಳು ಕೊಡುವ ಬಟ್ಟೆಯ ಚಪ್ಪರ) ಹರಿದುಹೋಗಿದ್ದರಿಂದ ಹಿಂದಿನ ಮಾಲೀಕರು ತೆಗೆದುಹಾಕಿದ್ದಾರೆ. ರೈಲು ಕೂಡ ಎರಡು ಕಡೆ ಬಾಗಿದೆ. ಜೂನ್‌ನಲ್ಲಿ ಮೈಸೂರಿನಿಂದ ಅಪ್ಪ-ಅಮ್ಮ ಬರುತ್ತಾರೆ. ಅವರನ್ನು ರಾಕಿ ಪರ್ವತಗಳ ಕಡೆ ಕರೆದೊಯ್ದು, ಹಗಲು ಹೊತ್ತು ನೆರಳಿನಲ್ಲಿ ಕೂರಿಸುವ ಆಸೆಯಿದೆ. ಯಾವ ಬಗೆಯ ಆವ್ನಿಂಗ್ ಕೊಳ್ಳಬೇಕು? ನಾವೇ ಕೂರಿಸಿಕೊಳ್ಳಬಹುದೇ?

ಉತ್ತರ: ನೀವೇ ಕೂರಿಸಿಕೊಳ್ಳಬಹುದು. ಇಬ್ಬರು ಸೇರಿದರೆ ಒಂದು ವಾರಾಂತ್ಯದಲ್ಲಿ ಮುಗಿಯುವ ಕೆಲಸವಿದು. ಆದರೆ ಆವ್ನಿಂಗ್‌ಗೆ ಹಣ ಕೊಡುವ ಮೊದಲು ಅದನ್ನು ಹೊರಬೇಕಾದ ಛಾವಣಿಯನ್ನು ಪರೀಕ್ಷಿಸಬೇಕು. ಪಾಪ್‌ಅಪ್ ಕ್ಯಾಂಪರ್‌ನ ಛಾವಣಿ ನಾಲ್ಕು ಮೂಲೆಗಳಲ್ಲಿರುವ, ಒಂದರೊಳಗೊಂದು ಸೇರುವ ಕಂಬಗಳ ಮೇಲೆ ನಿಂತಿರುತ್ತದೆ; ವಿಂಚ್ (ಕೇಬಲ್ ಸುತ್ತುವ ರಾಟೆ) ತಿರುಗಿಸಿದಾಗ ಕೇಬಲ್‌ಗಳು ಆ ಕಂಬಗಳನ್ನು ಮೇಲಕ್ಕೆ ತಳ್ಳುತ್ತವೆ. ಒಂದೇ ಬದಿಗೆ ಹೆಚ್ಚಿನ ಭಾರ ಬಿದ್ದರೆ ಆ ಬದಿಯ ಮೂಲೆಗಳು ಹಿಂದೆ ಬಿದ್ದು ಛಾವಣಿ ವಾಲಿಕೊಂಡು ಏರುತ್ತದೆ, ಕಾಲಕ್ರಮೇಣ ಕೇಬಲ್ ಮತ್ತು ವಿಂಚ್ ಎರಡೂ ಸವೆಯುತ್ತವೆ. ಆದ್ದರಿಂದ ಛಾವಣಿಯ ಮೇಲೆ ಎಷ್ಟು ಭಾರ ಹೇರಬಹುದು ಎಂಬುದನ್ನು ನಿಮ್ಮ ಕ್ಯಾಂಪರ್‌ನ ಕೈಪಿಡಿಯಲ್ಲಿ ಮೊದಲು ನೋಡಿಕೊಳ್ಳಿ. ಏರ್ ಕಂಡಿಷನರ್ ಅಥವಾ ಸೈಕಲ್ ಇಡುವ ಚೌಕಟ್ಟು ಈಗಾಗಲೇ ಮೇಲಿದ್ದರೆ ಆ ಭಾರವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಈ ಕಾರಣದಿಂದಲೇ ಗಟ್ಟಿ ಗೋಡೆಯ ದೊಡ್ಡ ಟ್ರಾವೆಲ್ ಟ್ರೈಲರ್‌ಗಳಲ್ಲಿ ಕಾಣುವ, ಉದ್ದನೆಯ ತೋಳುಗಳಿರುವ ಆವ್ನಿಂಗ್ ನಿಮಗೆ ಹೊಂದುವುದಿಲ್ಲ. ಆ ತೋಳುಗಳ ಬುಡವನ್ನು ಗಟ್ಟಿಯಾದ ಪಕ್ಕದ ಗೋಡೆಗೆ ಬಿಗಿಯಬೇಕಾಗುತ್ತದೆ, ಪಾಪ್‌ಅಪ್‌ನಲ್ಲಿ ಆ ಜಾಗದಲ್ಲಿ ಇರುವುದು ಕ್ಯಾನ್ವಾಸ್. ಮೋಟರ್ ಇರುವ ಆವ್ನಿಂಗ್‌ಗಳ ವಿಚಾರವೂ ಹಾಗೆಯೇ. ಭಾರ ಹೆಚ್ಚು, ಪ್ರಯೋಜನ ಕಡಿಮೆ. ನಿಮಗೆ ಸರಿಯಾದದ್ದು ಚೀಲದ ಆವ್ನಿಂಗ್, ಅಂದರೆ ಜಿಪ್ ಇರುವ ವಿನೈಲ್ (ಪ್ಲಾಸ್ಟಿಕ್ ಬಗೆಯ ಬಟ್ಟೆ) ಚೀಲದೊಳಗೆ ಬಟ್ಟೆ, ಸುರುಳಿ ಕೊಳವೆ, ಅಡ್ಡಕೋಲು ಮತ್ತು ಕಾಲುಗಳು ಎಲ್ಲವೂ ಮಡಚಿಕೊಂಡು ಛಾವಣಿಯ ಅಂಚಿಗೆ ಅಂಟಿಕೊಂಡೇ ಪ್ರಯಾಣ ಮಾಡುವ ಬಗೆ. ಇದರ ಕಾಲುಗಳು ನೆಲದ ಮೇಲೆ ನಿಲ್ಲುವುದರಿಂದ ಹರಡಿದಾಗ ಅರ್ಧ ಭಾರವನ್ನು ನೆಲವೇ ಹೊರುತ್ತದೆ. ಡೊಮೆಟಿಕ್ ಮತ್ತು ಕೇರ್‌ಫ್ರೀ ಆಫ್ ಕೊಲರಾಡೊ ಕಂಪನಿಗಳು ಇಂಥವನ್ನು ಮಾಡುತ್ತವೆ. ಎರಡನೆಯದು ನಿಮಗೆ ಹತ್ತಿರದ ಬ್ರೂಮ್‌ಫೀಲ್ಡ್‌ನದು. ಇಟಲಿಯ ಫಿಯಾಮಾ ಕಂಪನಿಯ ಗಟ್ಟಿ ಪೆಟ್ಟಿಗೆಯ ಹಗುರ ಮಾದರಿಗಳನ್ನೂ ಕೆಲವರು ಹಾಕಿಸುತ್ತಾರೆ. ಅವು ಅಂದವಾಗಿಯೂ ಇರುತ್ತವೆ. ಆದರೆ ಅವನ್ನು ರೈಲಿಗೆ ತೂರಿಸುವ ಬದಲು ಬ್ರಾಕೆಟ್‌ಗಳಿಗೆ ಬಿಗಿಯುವುದರಿಂದ ಭಾರವೆಲ್ಲ ಎರಡು ಮೂರು ಬಿಂದುಗಳ ಮೇಲೆ ಬೀಳುತ್ತದೆ. ಹಳೆಯ ಮರದ ಅಂಚಿರುವ ಛಾವಣಿಗೆ ನಾನು ಅದನ್ನು ಸೂಚಿಸುವುದಿಲ್ಲ.

ಈಗ ಆ ಮರದ ವಿಚಾರ. ಹಳೆಯ ಪಾಪ್‌ಅಪ್ ಛಾವಣಿಗಳಲ್ಲಿ ಹೊರಗೆ ಕಾಣುವ ಅಲ್ಯೂಮಿನಿಯಂ ಹೊದಿಕೆಯ ಒಳಗೆ, ಅಂಚಿನುದ್ದಕ್ಕೂ ಮರದ ಪಟ್ಟಿ ಇರುತ್ತದೆ ಮತ್ತು ರೈಲಿನ ಸ್ಕ್ರೂಗಳು ಕಚ್ಚಿಕೊಂಡಿರುವುದು ಆ ಪಟ್ಟಿಯನ್ನೇ. ಸ್ಕ್ರೂವಿನ ಸುತ್ತಲಿನ ಅಂಟು ಒಣಗಿ ಬಿರಿದರೆ ಮಳೆಯ ನೀರು ಅದೇ ದಾರಿಯಲ್ಲಿ ಒಳಗಿಳಿದು ಮರವನ್ನು ಕೊಳೆಸುತ್ತದೆ. ಹೊರಗಿನಿಂದ ನೋಡಿದರೆ ಏನೂ ಆಗಿಲ್ಲವೆಂಬಂತೆ ಕಾಣುತ್ತದೆ. ಛಾವಣಿ ಇಳಿಸಿ ಬೀಗ ಹಾಕಿದ ಸ್ಥಿತಿಯಲ್ಲಿ ಅಂಚು ಕೈಗೆಟಕುವ ಎತ್ತರಕ್ಕೆ ಬರುತ್ತದೆ. ಆಗ ಸ್ಕ್ರೂಡ್ರೈವರ್‌ನ ಹಿಡಿಯಿಂದ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಮೆಲ್ಲನೆ ತಟ್ಟುತ್ತಾ ಹೋಗಿ. ಗಟ್ಟಿ ಮರವಿದ್ದಲ್ಲಿ ಸದ್ದು ಚುರುಕಾಗಿರುತ್ತದೆ, ಕೊಳೆತಲ್ಲಿ ಮಂಕಾಗುತ್ತದೆ. ಬಳಿಕ ರೈಲಿನ ಒಂದೆರಡು ಸ್ಕ್ರೂಗಳನ್ನು ಬಿಚ್ಚಿ ನೋಡಿ: ಎಳೆಗಳಿಗೆ ಒಣ ಮರದ ಪುಡಿ ಮೆತ್ತಿಕೊಂಡು ಬಂದರೆ ಚಿಂತೆಯಿಲ್ಲ. ಸ್ಕ್ರೂ ತಿರುಗುತ್ತಲೇ ಇದ್ದು ಬಿಗಿ ಸಿಗದಿದ್ದರೆ, ಅಥವಾ ತುಕ್ಕು ಹಿಡಿದು ಕಪ್ಪು ಒದ್ದೆ ನಾರಿನೊಂದಿಗೆ ಹೊರಬಂದರೆ ಆ ಭಾಗದ ಮರವನ್ನು ಬದಲಿಸದೆ ಮುಂದುವರಿಯಬಾರದು. ತೇವಾಂಶ ಅಳೆಯುವ ಮೀಟರ್ ಸಿಕ್ಕರೆ ಇನ್ನೂ ಒಳ್ಳೆಯದು. ಮರದ ತೇವ ಶೇ 20ನ್ನು ದಾಟಿದ್ದರೆ ಕೊಳೆಯುವಿಕೆಗೆ ಅವಕಾಶವಿದೆ ಎಂದು ತಿಳಿಯಬೇಕು. ಹಳೆಯ ಕ್ಯಾಂಪರ್ ಕೊಂಡ ಬಹಳ ಮಂದಿ ಈ ಅರ್ಧ ಗಂಟೆಯ ಪರೀಕ್ಷೆಯನ್ನು ಬಿಟ್ಟು ನೇರವಾಗಿ ಡ್ರಿಲ್ ಹಿಡಿಯುತ್ತಾರೆ. ನೀವು ದಯವಿಟ್ಟು ಹಾಗೆ ಮಾಡಬೇಡಿ, ಏಕೆಂದರೆ ಆ ಅಂಚಿನ ಕೆಳಗೇ ನಿಮ್ಮ ತಂದೆತಾಯಿ ಕೂರುವವರಿದ್ದಾರೆ.

ಅಳತೆಗೆ ಬರೋಣ. 10 ಅಡಿ ಪೆಟ್ಟಿಗೆ ಎಂದ ಮಾತ್ರಕ್ಕೆ 10 ಅಡಿಯ ಆವ್ನಿಂಗ್ ಹಿಡಿಸುತ್ತದೆ ಎಂದಲ್ಲ. ಛಾವಣಿಯ ಮೂಲೆಯ ಬಾಗು, ಅದನ್ನು ಪೆಟ್ಟಿಗೆಗೆ ಬಿಗಿಯುವ ಲಾಚ್‌ಗಳು, ಪಕ್ಕದ ದೀಪಗಳು ಇವುಗಳಲ್ಲಿ ಯಾವುದರ ಮೇಲೂ ಚೀಲ ಇಳಿಬೀಳಬಾರದು. ರೈಲಿನ ನೇರವಾದ ಭಾಗವನ್ನಷ್ಟೇ ಅಳೆಯಿರಿ, ಮಾರುವವರು ಹೇಳುವ ಅಳತೆ ಬಟ್ಟೆಯದೋ ಚೀಲದ್ದೋ ಎಂದು ಕೇಳಿ ತಿಳಿಯಿರಿ, ಚೀಲದ ಪೂರ್ತಿ ಉದ್ದವನ್ನು ನಿಮ್ಮ ಅಳತೆಗೆ ಹೋಲಿಸಿ. ಬಾಗಿಲನ್ನು ಪೂರ್ತಿ ತೆರೆದಾಗ ಅದರ ಮೇಲಂಚು ಬಟ್ಟೆಗೆ ಅಥವಾ ಅಡ್ಡಕೋಲಿಗೆ ತಾಗುವುದೇ ಎಂಬುದನ್ನೂ ಛಾವಣಿ ಏರಿಸಿ ಒಮ್ಮೆ ನೋಡಿಕೊಳ್ಳಬೇಕು.

ಬಟ್ಟೆಯಲ್ಲಿ ವಿನೈಲ್ ಮತ್ತು ಅಕ್ರಿಲಿಕ್ (ಕೃತಕ ನೂಲಿನಿಂದ ನೇಯ್ದದ್ದು) ಎಂದು ಎರಡು ಮುಖ್ಯ ಬಗೆಗಳಿವೆ. ವಿನೈಲ್ ನೀರನ್ನು ಪೂರ್ತಿ ತಡೆಯುತ್ತದೆ, ಒರೆಸಿದರೆ ಶುಚಿಯಾಗುತ್ತದೆ. ಅಕ್ರಿಲಿಕ್‌ನಲ್ಲಿ ಗಾಳಿಯಾಡುತ್ತದೆ, ಬಣ್ಣ ಬಹುಕಾಲ ಮಾಸುವುದಿಲ್ಲ, ಆದರೆ ಜೋರು ಮಳೆಯಲ್ಲಿ ಒಳಗಿನಿಂದ ಕೈ ತಾಗಿದ ಕಡೆ ನೀರು ಜಿನುಗಬಹುದು. ಚೀಲದ ಆವ್ನಿಂಗ್‌ಗಳು ಬಹುತೇಕ ವಿನೈಲ್‌ನಲ್ಲೇ ಬರುವುದರಿಂದ ನಿಮ್ಮ ಮಟ್ಟಿಗೆ ಆಯ್ಕೆ ಸುಲಭವಾಗಿದೆ. ಗಮನಿಸಬೇಕಾದದ್ದು ಎತ್ತರ. ಸಮುದ್ರಮಟ್ಟದಿಂದ ಪ್ರತಿ 1,000 ಮೀಟರ್ ಮೇಲೇರಿದಂತೆ ಸೂರ್ಯನ ಅತಿನೇರಳೆ ಕಿರಣಗಳ ತೀಕ್ಷ್ಣತೆ ಸುಮಾರು ಶೇ 10ರಷ್ಟು ಹೆಚ್ಚುತ್ತದೆ. 8,000 ಅಡಿಗೂ ಮೇಲಿರುವ ರಾಕಿ ಪರ್ವತಗಳ ಕ್ಯಾಂಪ್‌ಗ್ರೌಂಡ್‌ಗಳಲ್ಲಿ ಹವೆ ತಂಪಾಗಿದ್ದರೂ ಬಿಸಿಲು ಚರ್ಮವನ್ನು ಬೇಗ ಸುಡುತ್ತದೆ. ಹಿರಿಯರಿಗೆ ಮುಖ್ಯವಾಗಿ ಬೇಕಿರುವುದು ಈ ಬಿಸಿಲಿನಿಂದ ರಕ್ಷಣೆ. ಆದ್ದರಿಂದ ಬೆಳಕು ತೂರಿಬರುವ ತೆಳು ಬಟ್ಟೆಯನ್ನು ಬಿಟ್ಟು ದಪ್ಪನೆಯದನ್ನು ಆರಿಸಿ.

ಬಾಗಿದ ರೈಲನ್ನು ತಟ್ಟಿ ನೇರ ಮಾಡುವ ಯೋಚನೆ ಬೇಡ. ಒಮ್ಮೆ ಕಿರಿದಾದ ಬಾಯಿಯಲ್ಲಿ ಚೀಲದ ಅಂಚು ಸಿಕ್ಕಿಕೊಂಡು ಹರಿಯುತ್ತದೆ. ಹೊಸ ರೈಲನ್ನು ಸಾಧ್ಯವಾದರೆ ಒಂದೇ ತುಂಡಿನಲ್ಲಿ ತರಿಸಿ. ಹಳೆಯದನ್ನು ಬಿಚ್ಚಿದ ಮೇಲೆ ಒಣಗಿದ ಅಂಟನ್ನು ಪ್ಲಾಸ್ಟಿಕ್ ಅಲಗಿನಿಂದ ಕೆರೆದು ತೆಗೆದು, ಅಲ್ಯೂಮಿನಿಯಂ ಮೈಯನ್ನು ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಒರೆಸಿ. ನಿಮ್ಮ ಛಾವಣಿಯ ಮೇಲ್ಭಾಗ ರಬ್ಬರಿನದಾಗಿದ್ದರೆ ಪೆಟ್ರೋಲಿಯಂ ಮೂಲದ ದ್ರಾವಕಗಳನ್ನು ಅದರ ಹತ್ತಿರಕ್ಕೂ ತರಬೇಡಿ, ರಬ್ಬರು ಉಬ್ಬಿಕೊಳ್ಳುತ್ತದೆ. ಹಳೆಯ ತೂತುಗಳಿಗೆ ಎಪಾಕ್ಸಿ (ಎರಡು ದ್ರವ ಬೆರೆಸಿ ಬಳಸುವ ಗಟ್ಟಿ ಅಂಟು) ತುಂಬಿ ಗಟ್ಟಿಯಾಗಲು ಬಿಡಿ. ರೈಲಿನ ಬೆನ್ನಿಗೆ ಉದ್ದಕ್ಕೂ ಬ್ಯೂಟೈಲ್ ಟೇಪ್ (ನೀರು ತಡೆಯುವ ಜಿಗುಟು ರಬ್ಬರಿನ ಪಟ್ಟಿ) ಅಂಟಿಸಿ, ರೈಲನ್ನು ಜಾಗಕ್ಕೆ ಒತ್ತಿಹಿಡಿದು, ಮಧ್ಯದಿಂದ ತುದಿಗಳ ಕಡೆಗೆ ಸ್ಟೇನ್‌ಲೆಸ್ ಸ್ಟೀಲ್ ಸ್ಕ್ರೂಗಳನ್ನು ಹಾಕುತ್ತಾ ಹೋಗಬೇಕು. ಮೊದಲು ಸಣ್ಣ ತೂತು ಕೊರೆಯಿರಿ. ಡ್ರಿಲ್ ಬಿಟ್‌ಗೆ ಬೇಕಾದ ಆಳದಲ್ಲಿ ಬಣ್ಣದ ಟೇಪ್ ಸುತ್ತಿಕೊಂಡರೆ ಅದು ಒಳಛಾವಣಿಯನ್ನು ತೂರಿ ಹೊರಬರುವ ಅಪಾಯ ತಪ್ಪುತ್ತದೆ. ಕೊನೆಯ ಬಿಗಿತವನ್ನು ಪವರ್ ಡ್ರಿಲ್ ಬಿಟ್ಟು ಕೈಯಿಂದಲೇ ಕೊಡಿ. ಮರ ಎಲ್ಲಿ ಕಚ್ಚುತ್ತಿದೆ, ಎಲ್ಲಿ ಇಲ್ಲ ಎಂಬುದು ಕೈಗೆ ತಿಳಿಯುತ್ತದೆ.

ಬ್ಯೂಟೈಲ್ ಟೇಪ್ ಬಿಸಿಲಿಗೆ ಮೆತ್ತಗಾಗಿ ಇಕ್ಕೆಲಗಳಲ್ಲಿ ಹೊರಚಾಚುತ್ತದೆ, ಸ್ಕ್ರೂಗಳು ಕೊಂಚ ಸಡಿಲವಾಗುತ್ತವೆ. ಹಾಗಾಗಿ ಒಂದೆರಡು ದಿನ ಬಿಸಿಲಲ್ಲಿ ಬಿಟ್ಟು ಮತ್ತೊಮ್ಮೆ ಬಿಗಿಮಾಡಿ, ಹೊರಬಂದ ಅಂಟನ್ನು ಕತ್ತರಿಸಿ. ಆಮೇಲೆ ರೈಲಿನ ಮೇಲಂಚಿಗೆ ಮಾತ್ರ ಕ್ಯಾಂಪರ್ ಛಾವಣಿಗಳಿಗೆಂದೇ ಸಿಗುವ ಸೀಲೆಂಟ್ (ಸಂದು ಮುಚ್ಚುವ ಅಂಟು) ಎಳೆಯಿರಿ. ಕೆಳಂಚನ್ನು ಮುಚ್ಚಬಾರದು, ಎಲ್ಲಾದರೂ ನೀರು ಹೊಕ್ಕರೆ ಹೊರಗೆ ಇಳಿಯಲು ಅದೊಂದೇ ದಾರಿ. ಮನೆಯ ಬಚ್ಚಲಿಗೆ ಬಳಸುವ ಸಿಲಿಕೋನ್ ಬೇಡ. ಅದು ಕೆಲವು ವರ್ಷಗಳಲ್ಲಿ ಅಂಚಿನಿಂದ ಎದ್ದುಬರುತ್ತದೆ ಮತ್ತು ಅದರ ಪಸೆ ಉಳಿದ ಜಾಗಕ್ಕೆ ಮುಂದೆ ಬೇರೆ ಯಾವ ಅಂಟೂ ಹಿಡಿಯುವುದಿಲ್ಲ.

ಚೀಲವನ್ನು ತೂರಿಸುವ ಮೊದಲು ರೈಲಿನ ಬಾಯಿಯ ಚೂಪಾದ ಅಂಚನ್ನು ಅರದಿಂದ ಉಜ್ಜಿ ನಯಮಾಡಿ, ಒಳಗೆ ಒಣ ಸಿಲಿಕೋನ್ ಸ್ಪ್ರೇ ಹೊಡೆಯಿರಿ. ಎಣ್ಣೆ ಹಾಕಿದರೆ ಧೂಳು ಮೆತ್ತಿಕೊಳ್ಳುತ್ತದೆ. ಒಬ್ಬರು ಚೀಲವನ್ನು ರೈಲಿನ ಮಟ್ಟಕ್ಕೆ ಎತ್ತಿಹಿಡಿದು ಒಳಕ್ಕೆ ಬಿಡುತ್ತಿದ್ದರೆ ಇನ್ನೊಬ್ಬರು ಮುಂದಿನಿಂದ ನೇರವಾಗಿ ಎಳೆಯಬೇಕು. ಜಾಗಕ್ಕೆ ಬಂದ ಬಳಿಕ ಎರಡೂ ತುದಿಗಳಲ್ಲಿ ರೈಲಿನ ಮೂಲಕ ಒಂದೊಂದು ಸಣ್ಣ ಸ್ಕ್ರೂ ಹಾಕಿ. ಇಲ್ಲದಿದ್ದರೆ ಹೆದ್ದಾರಿಯ ಗಾಳಿಗೆ ಚೀಲ ಹಿಂದಕ್ಕೆ ಸರಿಯುತ್ತಾ ಹೋಗುತ್ತದೆ.

ಬಳಸುವಾಗಿನ ಕ್ರಮವನ್ನು ಮನೆಯವರೆಲ್ಲರೂ ಅರಿತಿರಲಿ. ಕ್ಯಾಂಪರನ್ನು ಮಟ್ಟ ಮಾಡಿ, ಛಾವಣಿ ಏರಿಸಿ, ಹಾಸಿಗೆಗಳನ್ನು ಎಳೆದು, ಬಾಗಿಲು ಕೂರಿಸಿದ ಮೇಲೆಯೇ ಆವ್ನಿಂಗ್ ಬಿಚ್ಚಬೇಕು. ಮುಚ್ಚುವಾಗ ಮೊದಲು ಸುತ್ತಬೇಕಾದದ್ದು ಆವ್ನಿಂಗ್. ಅದು ಹರಡಿರುವಾಗ ಛಾವಣಿಯನ್ನು ಒಂದು ಅಂಗುಲವೂ ಇಳಿಸಕೂಡದು. ಹೊರಅಂಚು ರೈಲಿಗಿಂತ ಒಂದೂವರೆ ಅಡಿಯಾದರೂ ತಗ್ಗಿರಲಿ, ಎರಡು ಕಾಲುಗಳಲ್ಲಿ ಒಂದನ್ನು ಇನ್ನೂ ಸ್ವಲ್ಪ ಇಳಿಸಿದರೆ ಮಳೆನೀರು ಆ ಮೂಲೆಯಿಂದ ಹರಿದುಹೋಗುತ್ತದೆ. ಒಂದು ಚದರ ಮೀಟರ್ ಅಗಲದ ಗುಳಿಯಲ್ಲಿ ಸರಾಸರಿ 5 ಸೆಂಟಿಮೀಟರ್ ನೀರು ನಿಂತರೂ ಅದು 50 ಕಿಲೋ ಭಾರ.

ಮಳೆಗಿಂತ ಹೆಚ್ಚು ಭಯಪಡಬೇಕಾದದ್ದು ಗಾಳಿಗೆ. ಕೊಲರಾಡೊದ ಬೆಟ್ಟಗಳಲ್ಲಿ ಬೇಸಿಗೆಯ ಮಧ್ಯಾಹ್ನ ತಿಳಿಯಾಗಿದ್ದ ಆಕಾಶದಲ್ಲಿ ಹೊತ್ತು ಕಳೆಯುವುದರೊಳಗೆ ಗುಡುಗುಮಳೆ ಕಟ್ಟುವುದು ನಿಮಗೆ ತಿಳಿದದ್ದೇ. 9 ಅಡಿ ಉದ್ದ, 8 ಅಡಿ ಚಾಚಿನ ಬಟ್ಟೆಯ ಅಡಿಗೆ ಗಂಟೆಗೆ 20 ಮೈಲಿ ವೇಗದ ಗಾಳಿ ನೇರವಾಗಿ ನುಗ್ಗಿದರೆ ಸುಮಾರು 33 ಕಿಲೋ ಭಾರಕ್ಕೆ ಸಮನಾದ ಒತ್ತಡ ಬೀಳುತ್ತದೆ. ಗಾಳಿಯ ವೇಗ ಇಮ್ಮಡಿಯಾದರೆ ಒತ್ತಡ ನಾಲ್ಕು ಪಟ್ಟಾಗಿ 130 ಕಿಲೋ ದಾಟುತ್ತದೆ. ಅಷ್ಟೂ ಬಲ ನೀವು ಕೂರಿಸಿದ ಸ್ಕ್ರೂಗಳನ್ನು ಮರದಿಂದ ಕೀಳಲು ನೋಡುತ್ತದೆ. ಬಟ್ಟೆ ಪಟಪಟನೆ ಬಡಿಯತೊಡಗಿದ ಕೂಡಲೇ ಸುತ್ತಿಬಿಡಿ. ನಡೆದಾಡಲು ಹೋಗುವಾಗಲೂ, ರಾತ್ರಿ ಮಲಗುವಾಗಲೂ ಸುತ್ತಿಡಿ. ಕಾಲುಗಳನ್ನು ಉಕ್ಕಿನ ಗೂಟಗಳಿಗೆ ಓರೆಯಾಗಿ ಹಗ್ಗದಿಂದ ಕಟ್ಟಿ, ಆ ಹಗ್ಗಗಳಿಗೆ ಗಾಢ ಬಣ್ಣದ ಬಟ್ಟೆಯ ಚೂರು ಕಟ್ಟಿರಿ. ಮುಸ್ಸಂಜೆಯಲ್ಲಿ ಹಿರಿಯರು ಎಡವಿ ಬೀಳುವುದು ಈ ಹಗ್ಗಗಳಿಗೇ.

ಕ್ಯಾಂಪರ್‌ನ ಹೊರಮೈಗೆ ತೂಗುಹಾಕುವ ಗ್ಯಾಸ್ ಒಲೆ ಸಾಮಾನ್ಯವಾಗಿ ಬಾಗಿಲಿನ ಬದಿಯಲ್ಲೇ, ಆವ್ನಿಂಗ್‌ನ ಕೆಳಗೇ ಬರುತ್ತದೆ. ಒಗ್ಗರಣೆಯ ಎಣ್ಣೆಹೊಗೆ ವಿನೈಲ್‌ಗೆ ಅಂಟಿದರೆ ಹೋಗುವುದು ಕಷ್ಟ, ಬಾಣಲೆಗೆ ಬೆಂಕಿ ಹತ್ತಿದರಂತೂ ಮೇಲೆ ಕ್ಯಾನ್ವಾಸ್ ಮತ್ತು ವಿನೈಲ್ ಎರಡೂ ಇವೆ. ಒಲೆಯನ್ನು ಪ್ರತ್ಯೇಕ ಮೇಜಿನ ಮೇಲೆ, ನೆರಳಿನಿಂದ ಆಚೆಗೆ ಇಟ್ಟುಕೊಳ್ಳಿ.

ಪ್ರಶ್ನೆ: ಟೆಕ್ಸಸ್‌ನ ಹ್ಯೂಸ್ಟನ್‌ನಲ್ಲಿ ಇದ್ದೇವೆ. ನಮ್ಮ ವಿನೈಲ್ ಆವ್ನಿಂಗ್‌ನಲ್ಲಿ ಕಪ್ಪು ಚುಕ್ಕೆಗಳು ಕಾಣಿಸಿಕೊಂಡಿವೆ. ವಿನೈಲ್‌ಗೆ ಬೂಷ್ಟು ಹಿಡಿಯುವುದಿಲ್ಲ ಎಂದು ಅಂಗಡಿಯವರು ಹೇಳಿದ್ದರು.

ಉತ್ತರ: ಬೂಷ್ಟು ಬೆಳೆಯುವುದು ವಿನೈಲ್‌ನ ಮೇಲೆ ಕೂತ ಕೊಳೆ, ಪರಾಗ ಮತ್ತು ಎಲೆಯ ರಸದ ಮೇಲೆ. ಒದ್ದೆಯಾಗಿಯೇ ಸುತ್ತಿ ಚೀಲದೊಳಗೆ ಬಿಟ್ಟರೆ ಹ್ಯೂಸ್ಟನ್‌ನ ಸೆಕೆಗೆ ಕೆಲವೇ ದಿನ ಸಾಕು. ಮೃದು ಬ್ರಷ್, ಪಾತ್ರೆ ತೊಳೆಯುವ ಸೋಪು ಮತ್ತು ಉಗುರುಬೆಚ್ಚಗಿನ ನೀರಿನಿಂದ ತೊಳೆದು, ಎರಡೂ ಮೈ ಪೂರ್ತಿ ಒಣಗಿದ ಮೇಲೆ ಸುತ್ತಿ. ಮಳೆಯಲ್ಲೇ ಹೊರಡಬೇಕಾದರೆ ಮನೆ ತಲುಪಿದ ದಿನವೇ ಛಾವಣಿ ಏರಿಸಿ, ಆವ್ನಿಂಗ್ ಹರಡಿ ಒಣಗಿಸಿ.

ಪ್ರಶ್ನೆ: ನ್ಯೂಜರ್ಸಿಯಲ್ಲಿದ್ದು, ವರ್ಷಕ್ಕೆ ಎರಡು ಬಾರಿಯಷ್ಟೇ ಕ್ಯಾಂಪಿಂಗ್ ಹೋಗುತ್ತೇವೆ. ಚೀಲದ ಆವ್ನಿಂಗ್‌ಗೆ ಅಷ್ಟು ಹಣ ಹಾಕಬೇಕೇ?

ಉತ್ತರ: ಬೇಕಿಲ್ಲ. ನಿಮ್ಮ ರೈಲು ನೇರವಾಗಿದ್ದು ಗಟ್ಟಿಯಾಗಿದ್ದರೆ, ಒಂದು ಅಂಚಿನಲ್ಲಿ ಹಗ್ಗ ಸೇರಿಸಿ ಹೊಲಿದ ಟಾರ್ಪಾಲನ್ನು ಅದೇ ರೈಲಿಗೆ ತೂರಿಸಿ, ಹೊರಅಂಚಿಗೆ ಎರಡು ಕಂಬ ನಿಲ್ಲಿಸಿ ಹಗ್ಗ ಕಟ್ಟಿದರೆ ನೆರಳು ಸಿದ್ಧ. ಪ್ರಯಾಣದಲ್ಲಿ ಛಾವಣಿಗೆ ಯಾವ ಭಾರವೂ ಇರುವುದಿಲ್ಲ ಎಂಬುದು ಇದರ ದೊಡ್ಡ ಅನುಕೂಲ. ಕಡಿಮೆ ಬಳಸುವವರಿಗೆ ನಾನು ಮೊದಲು ಹೇಳುವುದೂ ಇದನ್ನೇ. ಹಗ್ಗದ ದಪ್ಪ ಮಾತ್ರ ರೈಲಿಗೆ ಸರಿಹೊಂದಬೇಕು. ಬೇರೆ ಬೇರೆ ಅಳತೆಯ ಡ್ರಿಲ್ ಬಿಟ್‌ಗಳ ನಯವಾದ ಹಿಂಬದಿಯನ್ನು ರೈಲಿನ ತೆರೆದ ತುದಿಯಲ್ಲಿ ಒಂದೊಂದಾಗಿ ತೂರಿಸಿ ನೋಡಿ. ತಡೆಯಿಲ್ಲದೆ ಒಳಗೆ ಹೋಗಿಯೂ ಮುಂದಿನ ಸೀಳಿನಿಂದ ಹೊರಬೀಳದ ಅಳತೆ ಯಾವುದೋ, ಅಷ್ಟೇ ದಪ್ಪದ ಹಗ್ಗವಿರುವ ಟಾರ್ಪಾಲನ್ನು ತರಿಸಿಕೊಳ್ಳಿ.