ಮಂದದೃಷ್ಟಿಯ ತಂಗಿಗೆ ಬಿ.ಎ. ಓದಲು ಮೈಸೂರಿನಲ್ಲಿ ಸೌಲಭ್ಯ ಇರುವ ಕಾಲೇಜು ಯಾವುದು? ಇಲ್ಲವಾದರೆ ಮುಕ್ತ ವಿವಿಯೇ ವಾಸಿಯಾ?

ನಿಮ್ಮ ತಂಗಿ ಪಾಂಡವಪುರದವಳು, ಶೇ 70 ಮಂದದೃಷ್ಟಿ, ಪಿಯುಸಿ ಪಾಸು, ಮನೆಯವರಿಗೆ ದಿಗಿಲು ಅಂದಿದ್ದೀರಿ. ನಾನೂ ಮಂಡ್ಯ ಕಡೆಯಿಂದ ಇದೇ ಶೇ 70 ಹೊತ್ತುಕೊಂಡು ಮೈಸೂರಿಗೆ ಬಂದವನು, ನಮ್ಮ ಮನೆಯಲ್ಲೂ ಇದೇ ಚರ್ಚೆ ನಡೆದಿತ್ತು. 'ಸೌಲಭ್ಯ ಇರುವ ಕಾಲೇಜು' ಹುಡುಕುವುದನ್ನು ಮೊದಲು ಬಿಡಿ. ಕಾಲೇಜಿನವರು ಸೌಲಭ್ಯ ಅಂತ ತೋರಿಸುವುದು ರ‍್ಯಾಂಪು, ಲಿಫ್ಟು. ಗಾಲಿಕುರ್ಚಿಯವರಿಗೆ ಅವು ಬೇಕೇ ಬೇಕು, ನಿಮ್ಮ ತಂಗಿಯ ಡಿಗ್ರಿ ಅದರ ಮೇಲೆ ನಿಂತಿಲ್ಲ. ಅವಳಿಗೆ ಬೇಕಾದದ್ದು ಎರಡು: ಪರೀಕ್ಷೆಗೆ ಸ್ಕ್ರೈಬ್ (ಅವಳು ಬಾಯಲ್ಲಿ ಹೇಳಿದ್ದನ್ನು ಬರೆದುಕೊಡುವವರು), ಓದಲು ಬರುವಂಥ ನೋಟ್ಸ್. ಮುಕ್ತ ವಿವಿಗೆ ಸೇರಿದರೂ ಈ ಎರಡು ತಪ್ಪುವುದಿಲ್ಲ.

ಸ್ಕ್ರೈಬ್ ವಿಷಯ ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ. ನನ್ನ ಮೊದಲ ಸೆಮಿಸ್ಟರ್ ಹಾಳಾದದ್ದು ಇಲ್ಲೇ. ಅಂಗವಿಕಲರಿಗೆ ಸರ್ಕಾರ ಕೊಡುವ ಯುಡಿಐಡಿ ಗುರುತಿನ ಕಾರ್ಡ್ ಇದೆಯಲ್ಲ, ತೋರಿಸಿದರಾಯಿತು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ, ನಾನೂ ಅಂದುಕೊಂಡಿದ್ದೆ. ಅಂಗವೈಕಲ್ಯ ಎಷ್ಟು ಅನ್ನುವುದಷ್ಟೇ ಕಾರ್ಡಿನಲ್ಲಿರುತ್ತದೆ, ಬರೆಯಲು ಆಗುವುದಿಲ್ಲ ಅನ್ನುವುದು ಎಲ್ಲೂ ಇರುವುದಿಲ್ಲ. ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯ 2018ರ ಆಗಸ್ಟ್ 29ರಂದು ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ಅಂಧತ್ವ, ಎರಡೂ ಕೈಗಳ ತೊಂದರೆ, ಸೆರೆಬ್ರಲ್ ಪಾಲ್ಸಿ ಇರುವವರು ಕೇಳಿದರೆ ಸಾಕು, ಸ್ಕ್ರೈಬ್ ಕೊಡಬೇಕು. ಉಳಿದವರು ಬರೆಯಲು ದೈಹಿಕ ತೊಂದರೆ ಇದೆ, ಸ್ಕ್ರೈಬ್ ಅತ್ಯಗತ್ಯ ಎಂಬ ಪ್ರಮಾಣಪತ್ರವನ್ನು ಬೇರೆಯಾಗಿ ತರಬೇಕು. ಮಂದದೃಷ್ಟಿ ಬರುವುದು ಈ 'ಉಳಿದವರ' ಪಟ್ಟಿಗೆ. ಕಣ್ಣು ಕಾಣದವರಿಗೆ ಕೊಡುತ್ತಾರಂತೆ ಅಂತ ಕೇಳಿಕೊಂಡು ನಿಶ್ಚಿಂತೆಯಾಗಿ ಕೂತವರು ಸಿಕ್ಕಿಬೀಳುವುದು ಇಲ್ಲೇ.

ಆ ಪ್ರಮಾಣಪತ್ರದ ನಮೂನೆ ಮಾರ್ಗಸೂಚಿಯ ಅನುಬಂಧ 1ರಲ್ಲಿದೆ. ಅದನ್ನೇ ಪ್ರಿಂಟ್ ತೆಗೆದು ಒಯ್ಯಿರಿ, ಬಿಳಿ ಹಾಳೆಯಲ್ಲಿ ಬರೆಸಬೇಡಿ. ನೋಡುವುದು ನೇತ್ರತಜ್ಞರು. ಆದರೆ ಸಹಿ ಸರ್ಕಾರಿ ಆಸ್ಪತ್ರೆಯ ಮುಖ್ಯ ವೈದ್ಯಾಧಿಕಾರಿ, ಸಿವಿಲ್ ಸರ್ಜನ್ ಅಥವಾ ವೈದ್ಯಕೀಯ ಅಧೀಕ್ಷಕರದ್ದೇ ಆಗಬೇಕು. ಖಾಸಗಿ ಕಣ್ಣಿನ ಆಸ್ಪತ್ರೆಯ ಲೆಟರ್‌ಹೆಡ್ ನಡೆಯುವುದಿಲ್ಲ. ನಿಮಗೆ ಮಂಡ್ಯದ ಮಿಮ್ಸ್ ಆದರೂ ಸರಿ, ಮೈಸೂರಿನ ಕೆ.ಆರ್. ಆಸ್ಪತ್ರೆ ಆದರೂ ಸರಿ. ಹಾಲ್ ಟಿಕೆಟ್ ಬಂದ ಮೇಲೆ ಹೊರಟರೆ ತಜ್ಞರು ಸಿಕ್ಕ ದಿನ ಅಧೀಕ್ಷಕರು ಮೀಟಿಂಗಿನಲ್ಲಿರುತ್ತಾರೆ. ಅಡ್ಮಿಷನ್ ಆದ ವಾರವೇ ಮಾಡಿಸಿ, ಅರ್ಜಿಯ ಜೊತೆ ಪ್ರಿನ್ಸಿಪಾಲರಿಗೊಂದು ಪ್ರತಿ, ಪರೀಕ್ಷಾ ವಿಭಾಗಕ್ಕೊಂದು ಪ್ರತಿ ಕೊಟ್ಟು ನಿಮ್ಮ ಪ್ರತಿಯ ಮೇಲೆ ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ.

ಸ್ಕ್ರೈಬ್ ನೀವೇ ಕರೆತರುವುದಾದರೆ ಅವರ ಓದು ಪರೀಕ್ಷೆ ಬರೆಯುವವರಿಗಿಂತ ಒಂದು ಹಂತ ಕಡಿಮೆ ಇರಬೇಕು. ಪಕ್ಕದ ಬೆಂಚಿನ ಗೆಳತಿ ಎಷ್ಟೇ ಒಳ್ಳೆಯವಳಾದರೂ ಆಗುವುದಿಲ್ಲ, ಪಿಯು ಹುಡುಗಿ ಬೇಕು. ಅವರಿಗೂ ಪರೀಕ್ಷೆ ಇರುತ್ತದೆ, ಹಾಗಾಗಿ ಇಬ್ಬರಿಗೆ ಹೇಳಿಟ್ಟುಕೊಳ್ಳಿ. ಬೇರೆ ಬೇರೆ ಪೇಪರಿಗೆ ಬೇರೆ ಬೇರೆಯವರು ಬರೆಯಬಹುದು, ಒಂದು ಪೇಪರಿಗೆ ಒಬ್ಬರೇ. ಕನ್ನಡ ಪೇಪರಿಗೆ ಒತ್ತಕ್ಷರ ತಪ್ಪದವಳನ್ನೇ ಆರಿಸಿ. ಬಾಯಲ್ಲಿ ಹೇಳಿ ಬರೆಸುವುದು ತಾನೇ ಬರೆದಷ್ಟು ಸಲೀಸಲ್ಲ: ಪ್ರಶ್ನೆ ಸಂಖ್ಯೆ, ಪ್ಯಾರಾ, ಅಡಿಗೆರೆ ಎಲ್ಲವನ್ನೂ ಹೇಳಬೇಕು, ಅಷ್ಟರಲ್ಲಿ ಮುಂದಿನ ವಾಕ್ಯ ಮರೆತುಹೋಗುತ್ತದೆ. ಹಳೇ ಪ್ರಶ್ನೆಪತ್ರಿಕೆ ಇಟ್ಟುಕೊಂಡು ಅದೇ ಹುಡುಗಿಯ ಜೊತೆ ಗಡಿಯಾರ ನೋಡಿಕೊಂಡು ಅಭ್ಯಾಸ ಮಾಡಿಸಿ.

ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಮಯ ಇದೆ, ಅಂದರೆ ಮೂರು ಗಂಟೆಯ ಪೇಪರಿಗೆ ಒಂದು ಗಂಟೆ. ಸ್ಕ್ರೈಬ್‌ಗೆ ಅರ್ಹತೆ ಇದ್ದು ತಾನೇ ಬರೆದುಕೊಂಡರೂ ಇದು ಸಿಗಬೇಕು. ಈ ಹೆಚ್ಚುವರಿ ಸಮಯದ ಆದೇಶ ಕೊಠಡಿ ಮೇಲ್ವಿಚಾರಕರ ಕೈಯಲ್ಲಿ ಲಿಖಿತವಾಗಿ ಇಲ್ಲದಿದ್ದರೆ ಬೆಲ್ ಹೊಡೆದ ಕೂಡಲೇ ಉತ್ತರಪತ್ರಿಕೆ ಕಸಿದುಕೊಳ್ಳುತ್ತಾರೆ, ಅವರನ್ನು ಬೈದು ಪ್ರಯೋಜನವಿಲ್ಲ. ಪ್ರತ್ಯೇಕ ಕೊಠಡಿಯನ್ನೂ ಅರ್ಜಿಯಲ್ಲೇ ಕೇಳಿ. (ಅಂಗವೈಕಲ್ಯ ಶೇ 40ಕ್ಕಿಂತ ಕಡಿಮೆ ಇರುವವರು ಇದನ್ನು ಓದುತ್ತಿದ್ದರೆ: ವಿಕಾಸ್ ಕುಮಾರ್ ಪ್ರಕರಣದಲ್ಲಿ 2021ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟ ಮೇಲೆ ನಿಮಗೂ ಸ್ಕ್ರೈಬ್ ಪಡೆಯುವ ದಾರಿ ಇದೆ. 2022ರ ಆಗಸ್ಟ್ 10ರ ಮಾರ್ಗಸೂಚಿ ನೋಡಿ.)

ಇನ್ನು ನೋಟ್ಸ್. ಫೋನಿನ ಟಾಕ್‌ಬ್ಯಾಕ್, ಕಂಪ್ಯೂಟರಿನಲ್ಲಿ ಪುಕ್ಕಟೆ ಸಿಗುವ ಎನ್‌ವಿಡಿಎ, ಎರಡೂ ಪರದೆಯ ಮೇಲಿರುವ ಕನ್ನಡವನ್ನು ಗಟ್ಟಿಯಾಗಿ ಓದಿ ಹೇಳುತ್ತವೆ. ಆದರೆ ಮೇಷ್ಟ್ರು ಕೊಟ್ಟ ಫೈಲು ಹಳೆಯ ನುಡಿ ಫಾಂಟಿನಲ್ಲಿದ್ದರೆ ಬರೀ ಗೊಣಗಾಟ ಕೇಳಿಸುತ್ತದೆ. ಕಣ್ಣಿಗೆ ಕನ್ನಡವಾಗಿ ಕಂಡರೂ ಒಳಗೆ ಕೂತಿರುವುದು ಇಂಗ್ಲಿಷ್ ಚಿಹ್ನೆಗಳು. ಒಂದು ಸಾಲು ಕಾಪಿ ಮಾಡಿ ವಾಟ್ಸಾಪಿಗೆ ಹಾಕಿ ನೋಡಿ: ಕನ್ನಡವಾಗಿಯೇ ಬಂದರೆ ಯೂನಿಕೋಡ್ (ಎಲ್ಲ ಸಾಧನಗಳೂ ಗುರುತಿಸುವ ಅಕ್ಷರ ಸಂಕೇತ), ಗೀಚುಗೀಚಾಗಿ ಬಂದರೆ ನುಡಿ. ಆಗ ಪಿಡಿಎಫ್ ಬೇಡ, ಮೂಲ ವರ್ಡ್ ಫೈಲನ್ನೇ ಕೇಳಿ ಪಡೆದು ಯೂನಿಕೋಡ್ ಪರಿವರ್ತಕಕ್ಕೆ ಹಾಕಿ. ಸ್ಕ್ಯಾನ್ ಮಾಡಿದ ಪಿಡಿಎಫ್ ಬರೀ ಫೋಟೊ, ಅದನ್ನು ಗೂಗಲ್ ಡ್ರೈವಿಗೆ ಹಾಕಿ ಗೂಗಲ್ ಡಾಕ್ಸಿನಲ್ಲಿ ತೆರೆದರೆ ಅಕ್ಷರ ಎದ್ದು ಬರುತ್ತದೆ. ಮಾಸಿದ ಜೆರಾಕ್ಸಿನಲ್ಲಿ ಒತ್ತಕ್ಷರಗಳೇ ಮೊದಲು ಹಾರಿಹೋಗುತ್ತವೆ, ಹಾಗಾಗಿ ಮೂಲ ಪುಸ್ತಕದಿಂದಲೇ ಸ್ಕ್ಯಾನ್ ಮಾಡಿ. ಇಡೀ ಪುಸ್ತಕ ಸ್ಕ್ಯಾನ್ ಮಾಡಲು ಲೈಬ್ರರಿಯವರು ತಕರಾರು ತೆಗೆದರೆ ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ಆದ ತಿದ್ದುಪಡಿ ತೋರಿಸಿ. ಅಂಗವಿಕಲರು ಓದುವ ರೂಪಕ್ಕೆ ಪುಸ್ತಕ ಪರಿವರ್ತಿಸಲು ಅದರಲ್ಲಿ ಅವಕಾಶವಿದೆ. ಕಣ್ಣಲ್ಲೇ ಓದುತ್ತೇನೆ ಅನ್ನುವುದಾದರೆ ಎ4 ಹಾಳೆಯನ್ನು ಎ3ಗೆ ಹಿಗ್ಗಿಸಿ ಜೆರಾಕ್ಸ್ ಮಾಡಿಸಿ, 12 ಪಾಯಿಂಟ್ ಅಕ್ಷರ ಹೆಚ್ಚುಕಡಿಮೆ 17 ಆಗುತ್ತದೆ.

ಕಾಲೇಜು ಯಾವುದು ಅಂತ ಇನ್ನೂ ಕೇಳುವಿರಾದರೆ, ಸರ್ಕಾರಿ ಇಲ್ಲವೇ ಅನುದಾನಿತ ಕಾಲೇಜು ನೋಡಿ. 2016ರ ಅಂಗವಿಕಲರ ಹಕ್ಕು ಕಾಯ್ದೆಯ ಸೆಕ್ಷನ್ 32ರಂತೆ ಅಲ್ಲಿ ಶೇ 5 ಸೀಟು ಮೀಸಲು, ವಯೋಮಿತಿಯಲ್ಲಿ 5 ವರ್ಷ ಸಡಿಲಿಕೆ. ಸರ್ಕಾರಿ ಸಂಸ್ಥೆಯಲ್ಲಿ ದೂರು ಪರಿಹಾರ ಅಧಿಕಾರಿ ಇರಬೇಕು, ದೂರು ದಾಖಲಾದ ಎರಡು ವಾರದೊಳಗೆ ವಿಚಾರಣೆ ಮಾಡಬೇಕು. ಮೈಸೂರಿನ ಜೆಎಸ್‌ಎಸ್ ವಿಶೇಷಚೇತನರ ಪಾಲಿಟೆಕ್ನಿಕ್ ಹೆಸರನ್ನು ಯಾರಾದರೂ ಹೇಳಿರುತ್ತಾರೆ. ಅಲ್ಲಿ ಕಲಿಸುವುದು ಡಿಪ್ಲೊಮಾ, ನಿಮ್ಮ ತಂಗಿ ಕೇಳುತ್ತಿರುವುದು ಬಿ.ಎ.

ಮುಕ್ತ ವಿವಿ ಬೇಡ ಅನ್ನುವುದು ನನ್ನ ಅಭಿಪ್ರಾಯ. ಸ್ಕ್ರೈಬ್ ಹುಡುಕಾಟ, ಅನುಬಂಧ 1, ಫಾಂಟಿನ ಗೋಳು ಅಲ್ಲೂ ಇದ್ದೇ ಇರುತ್ತವೆ, ಬೋರ್ಡ್ ಮೇಲಿರುವುದನ್ನು ಓದಿ ಹೇಳುವ ಗೆಳತಿಯರು ಮಾತ್ರ ಇರುವುದಿಲ್ಲ. ಓಡಾಟದ ಖರ್ಚಿನ ಚಿಂತೆಯೂ ಬೇಡ, ಶಕ್ತಿ ಯೋಜನೆಯಲ್ಲಿ ಅವಳಿಗೆ ಸಾಮಾನ್ಯ ಬಸ್ಸು ಉಚಿತ. ಮಧ್ಯಾಹ್ನ 2ರಿಂದ 5ರ ಪೇಪರು ಅವಳಿಗೆ 6ಕ್ಕೆ ಮುಗಿಯುತ್ತದೆ. ಆ ದಿನಗಳಲ್ಲಿ ಅವಳು ಮೈಸೂರಲ್ಲೇ ಎಲ್ಲಿ ಉಳಿಯಬೇಕು ಅನ್ನುವುದನ್ನು ಈಗಲೇ ಗೊತ್ತುಮಾಡಿಕೊಳ್ಳಿ.