ಫೋನ್ ಓಡಿತು, ಕ್ಯಾಮೆರಾ ಓಡಲಿಲ್ಲ

ಪ್ರಶ್ನೆ: ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯಲ್ಲಿ ‘ಡಿವೈಸ್’ ಎಂಬ ಕ್ಲಾಸ್‌ನಿಂದ (ವಸ್ತುಗಳನ್ನು ಮಾಡುವ ಅಚ್ಚು) ‘ಫೋನ್’, ‘ಕ್ಯಾಮೆರಾ’ ಮಾಡಿ, ಅವೆರಡರಿಂದಲೂ ‘ಸ್ಮಾರ್ಟ್‌ಫೋನ್’ ಮಾಡಿದ್ದೇನೆ. ಅದರಲ್ಲಿ ಮೇಲಿನ ಕ್ಲಾಸ್‌ನ ಕೋಡ್ ಕರೆಯುವ ಸೂಪರ್() ಬಳಸಿದರೆ ಕ್ಯಾಮೆರಾದ ಇನಿಟ್ (ವಸ್ತು ಹುಟ್ಟುವಾಗ ಅದನ್ನು ಸಿದ್ಧಪಡಿಸುವ ಕೋಡ್) ಓಡುವುದೇ ಇಲ್ಲ, ಆಮೇಲೆ ‘ಲೆನ್ಸ್’ ಕೇಳಿದಾಗ ಅಂಥದ್ದೇ ಇಲ್ಲ ಎಂಬ ಆಟ್ರಿಬ್ಯೂಟ್ ಎರರ್. ಎರಡನ್ನೂ ಹೆಸರು ಹಿಡಿದು ಕರೆದರೆ ಡಿವೈಸ್‌ನ ಇನಿಟ್ ಎರಡು ಸಲ ಓಡುತ್ತದೆ. ಏನು ಮಾಡಲಿ?

ಉತ್ತರ: ಸ್ಮಾರ್ಟ್‌ಫೋನ್ ಬಿಡಿ, ಫೋನ್ ಕ್ಲಾಸ್ ತೆಗೆದು ನೋಡಿ. ಅದರ ಇನಿಟ್ ಒಳಗೆ ಡಿವೈಸ್‌ನ ಇನಿಟ್ ಅನ್ನು ನೇರವಾಗಿ ಹೆಸರು ಹಿಡಿದು ಕರೆದಿದ್ದೀರಿ, ಅಲ್ವಾ? ಸರಪಳಿ ತುಂಡಾಗಿರುವುದು ಅಲ್ಲೇ.

ಸೂಪರ್() ಹೋಗುವುದು ಸಾಲಿನಲ್ಲಿ ಮುಂದಿರುವ ಕ್ಲಾಸ್‌ಗೆ. ಆ ಸಾಲೇ ಎಂಆರ್‌ಓ (ಮೆಥಡ್ ರೆಸಲ್ಯೂಷನ್ ಆರ್ಡರ್, ಅಂದರೆ ಕ್ಲಾಸ್‌ಗಳನ್ನು ಹುಡುಕುವ ಕ್ರಮ), ಪೈಥಾನ್‌ನ 2.3ನೇ ಆವೃತ್ತಿಯಿಂದ ಇದನ್ನು ಸಿ3 ಎಂಬ ಲೆಕ್ಕಾಚಾರ ನಿರ್ಧರಿಸುತ್ತದೆ. ಸ್ಮಾರ್ಟ್‌ಫೋನ್‌ನ ಎಂಆರ್‌ಓ() ಪ್ರಿಂಟ್ ಮಾಡಿದರೆ ಸ್ಮಾರ್ಟ್‌ಫೋನ್, ಫೋನ್, ಕ್ಯಾಮೆರಾ, ಡಿವೈಸ್, ಕೊನೆಗೆ ಎಲ್ಲ ಕ್ಲಾಸ್‌ಗಳ ಮೂಲವಾದ ಆಬ್ಜೆಕ್ಟ್ ಅಂತ ಕಾಣುತ್ತದೆ. ಅಂದರೆ ಫೋನ್ ಬರೆದವರಿಗೆ ಕ್ಯಾಮೆರಾ ಅನ್ನೋ ಕ್ಲಾಸ್ ಇದೆ ಅಂತಲೇ ಗೊತ್ತಿಲ್ಲದಿದ್ದರೂ, ಫೋನ್ ಒಳಗಿನ ಸೂಪರ್() ಇಲ್ಲಿ ಕ್ಯಾಮೆರಾಗೇ ಹೋಗಬೇಕು. ನೀವು ನೇರ ಡಿವೈಸ್‌ಗೆ ಹಾರಿದ್ದರಿಂದ ನಡುವಿನ ಕ್ಯಾಮೆರಾ ತಪ್ಪಿತು. ಎರಡು ಸಲ ಓಡಿದ್ದಕ್ಕೂ ಇದೇ ಕಾರಣ: ಫೋನ್ ಒಮ್ಮೆ ಕರೆಯಿತು, ಕ್ಯಾಮೆರಾ ಇನ್ನೊಮ್ಮೆ ಕರೆಯಿತು.

ಹಾಗಾಗಿ ಎಲ್ಲ ಕ್ಲಾಸ್‌ಗಳಲ್ಲೂ ಸೂಪರ್() ಬಳಸಿ, ಡಿವೈಸ್‌ನಲ್ಲೂ. ಅರ್ಧ ಅದು, ಅರ್ಧ ಇದು ಮಾಡಿದರೆ ಮತ್ತೆ ಇದೇ ಗೋಳು.

ಆದರೆ ನಿಜವಾದ ತಲೆನೋವು ಆರ್ಗ್ಯುಮೆಂಟ್‌ಗಳದ್ದು, ಅಂದರೆ ಇನಿಟ್‌ಗೆ ಕಳಿಸುವ ಮೌಲ್ಯಗಳದ್ದು. ಮುಂದೆ ಯಾವ ಕ್ಲಾಸ್ ಬರುತ್ತದೋ ಗೊತ್ತಿಲ್ಲದಿರುವಾಗ ಹೆಸರಿಲ್ಲದೆ ಸುಮ್ನೆ ಮೌಲ್ಯ ಕಳಿಸಿದರೆ ಫೋನ್ ನಂಬರ್ ಹೋಗಿ ಲೆನ್ಸ್ ಆಗಿ ಕೂರುತ್ತದೆ, ಎರರ್ ಕೂಡ ಬರದೇ ಇರಬಹುದು! ಅದಕ್ಕೇ ಪ್ರತಿ ಇನಿಟ್ ತನಗೆ ಬೇಕಾದ್ದನ್ನು ಹೆಸರಿನಿಂದಲೇ ತೆಗೆದುಕೊಳ್ಳಲಿ, ಉಳಿದದ್ದನ್ನು ಎರಡು ನಕ್ಷತ್ರದ ಕ್ವಾರ್ಗ್ಸ್‌ನಲ್ಲಿ (**kwargs, ಹೆಸರಿರುವ ಉಳಿದ ಆರ್ಗ್ಯುಮೆಂಟ್‌ಗಳ ಗಂಟು) ಹಿಡಿದು ಹಾಗೇ ಮುಂದೆ ದಾಟಿಸಲಿ. ಕೊನೆಗೆ ಏನಾದರೂ ಉಳಿದರೆ ಆಬ್ಜೆಕ್ಟ್ ಟೈಪ್ ಎರರ್ ಎಸೆಯುತ್ತದೆ. ಬೈಯಬೇಡಿ, ಬೇಡದ ಆರ್ಗ್ಯುಮೆಂಟ್ ಸಿಕ್ಕಿಬೀಳುವುದು ಹೀಗೇ.

ಸೂಪರ್() ಕರೆಯದ ಬೇರೆಯವರ ಲೈಬ್ರರಿ ಕ್ಲಾಸ್ ನಡುವೆ ಬಂದರೆ ಈ ಉಪಾಯ ನಡೆಯುವುದಿಲ್ಲ. ಆಗ ಅದರಿಂದ ನಿಮ್ಮ ಕ್ಲಾಸ್ ಹುಟ್ಟಿಸದೆ (ಇನ್‌ಹೆರಿಟ್ ಮಾಡದೆ), ಅದರಿಂದ ಮಾಡಿದ ವಸ್ತುವೊಂದನ್ನು ನಿಮ್ಮ ಕ್ಲಾಸ್ ಒಳಗೆ ಇಟ್ಟುಕೊಳ್ಳಿ. ನನ್ನನ್ನು ಕೇಳಿದರೆ ನಿಮ್ಮ ಕೋಡ್‌ಗೂ ಅದೇ ಜಾಸ್ತಿ ಒಪ್ಪುತ್ತದೆ: ಸ್ಮಾರ್ಟ್‌ಫೋನ್ ಒಳಗೆ ಕ್ಯಾಮೆರಾ ಇರುತ್ತದೆ, ಸ್ಮಾರ್ಟ್‌ಫೋನೇ ಕ್ಯಾಮೆರಾ ಆಗಬೇಕಿಲ್ಲ.